ಹುಳುಮನೆಯ ಸದ್ದು ಧ್ವನಿಭಂಡಾರ ಸೇರುವ ಬಗೆ

ಸಿನಿಮಾದಲ್ಲಿ ನಾವು ಕೇಳುವ ಮಳೆ, ಬಾಗಿಲ ಕಿರುಗುಟ್ಟುವಿಕೆ, ಸಂತೆಯ ಗದ್ದಲ ಇವುಗಳಲ್ಲಿ ಬಹುಪಾಲು ಚಿತ್ರೀಕರಣದ ಜಾಗದಲ್ಲಿ ದಾಖಲಾದವಲ್ಲ. ಸಂಕಲನದ ಹಂತದಲ್ಲಿ ಸಿದ್ಧ ಧ್ವನಿಭಂಡಾರಗಳಿಂದ ಆರಿಸಿ ಕೂರಿಸಿದವು. ಇಂಥ ಭಂಡಾರಗಳಿಗೆ ಹೊಸ ಸದ್ದುಗಳನ್ನು ದಾಖಲಿಸಿ, ಶುದ್ಧಗೊಳಿಸಿ, ಹೆಸರಿಟ್ಟು ಸೇರಿಸುವುದು ಲಾಸ್ ಏಂಜಲಿಸ್ ಪಕ್ಕದ ಬರ್ಬ್ಯಾಂಕ್‌ನಲ್ಲಿ ನನ್ನ ಉದ್ಯೋಗ. ಬಿಬಿಸಿ ಸಂಸ್ಥೆ 2018ರಲ್ಲಿ ತನ್ನ ಸಂಗ್ರಹದ 16,000ಕ್ಕೂ ಹೆಚ್ಚು ಸದ್ದುಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಾಗ, ಈ ಲೋಕ ಎಷ್ಟು ದೊಡ್ಡದೆಂಬುದು ಹೊರಗಿನವರಿಗೂ ಸ್ವಲ್ಪ ತಿಳಿಯಿತು.

ಆದರೆ ಎಷ್ಟೇ ದೊಡ್ಡ ಭಂಡಾರದಲ್ಲಿ ಹುಡುಕಿದರೂ ನಮ್ಮ ಭಾಗದ ಸದ್ದು ಸಿಗುವುದು ಅಪರೂಪ. ಸಿಕ್ಕರೂ ಅದರ ಮೇಲೆ 'ಭಾರತ, ಮಾರುಕಟ್ಟೆ, ಜನಸಂದಣಿ' ಎಂದಷ್ಟೇ ಬರೆದಿರುತ್ತದೆ. ಯಾವ ಊರು, ಯಾವ ಭಾಷೆ, ಯಾವ ಋತು ಎಂಬುದು ಇಲ್ಲದ ಕಾರಣ, ಒಂದು ರಾಜ್ಯದ ಜನರ ಮಾತು ಮತ್ತೊಂದು ರಾಜ್ಯದ ಬೀದಿಯ ದೃಶ್ಯಕ್ಕೆ ಹೋಗಿ ಕೂರುತ್ತದೆ. ಇದು ಸಣ್ಣ ತಪ್ಪೆಂದು ನನಗೆ ಎಂದೂ ಅನ್ನಿಸಿಲ್ಲ. ಹೀಗಾಗಿ ರಜೆಗೆ ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಹಳ್ಳಿಗೆ ಬಂದಾಗಲೆಲ್ಲ ರೆಕಾರ್ಡರ್ ನನ್ನ ಜೊತೆಗಿರುತ್ತದೆ.

ನಾನು ಹೆಚ್ಚು ಶ್ರಮ ಹಾಕಿದ್ದು ರೇಷ್ಮೆ ಹುಳು ಸೊಪ್ಪು ಮೇಯುವ ಸದ್ದಿಗೆ. ಹುಳು ನಾಲ್ಕು ಬಾರಿ ಪೊರೆ ಕಳಚುತ್ತದೆ. ರೈತರು ಅದನ್ನು 'ಜ್ವರ' ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಬರುವ ಐದನೆಯ ಹಂತದಲ್ಲಿ, ತನ್ನ ಇಡೀ ಜೀವಮಾನದಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನ ಶೇ 80ಕ್ಕೂ ಹೆಚ್ಚು ಭಾಗವನ್ನು ಅದು ತಿಂದು ಮುಗಿಸುತ್ತದೆ. ಆಗ ಹುಳು ಸಾಕುವ ಹುಳುಮನೆಯ ಒಳಗೆ ನಿಂತರೆ ಹೊರಗೆ ಸೋನೆ ಹಿಡಿದಂತೆ ಕೇಳುತ್ತದೆ. ಕಿವಿಗೆ ಇಷ್ಟು ಸ್ಪಷ್ಟವಾದ ಸದ್ದು ಮೈಕಿಗೆ ಮಾತ್ರ ಬಹಳ ಕ್ಷೀಣ. ಪ್ರತಿಯೊಂದು ಮೈಕಿನ ಒಳಗೂ ತನ್ನದೇ ಆದ ಸಣ್ಣ 'ಸುಯ್' ಸದ್ದು ಹುಟ್ಟುತ್ತಿರುತ್ತದೆ. ದಾಖಲಿಸಬೇಕಾದ ಸದ್ದು ಮೆದುವಾದಷ್ಟೂ ಅದು ಮೇಲೆದ್ದು ಬರುತ್ತದೆ. ಅದಕ್ಕಾಗಿ ಅತಿ ಕಡಿಮೆ ಗದ್ದಲದ ಮೈಕ್ ಬೇಕು, ಅದನ್ನು ಸೊಪ್ಪಿಗೆ ಗೇಣಿನಷ್ಟು ಹತ್ತಿರ ಹಿಡಿಯಬೇಕು, ಸುತ್ತಲೂ ಬೇರೆ ಏನೂ ಉಲಿಯಬಾರದು.

ಹಳ್ಳಿಯಲ್ಲಿ ನಿಶ್ಶಬ್ದ ತಾನಾಗಿ ಸಿಗುತ್ತದೆ ಎಂದು ದೂರದಲ್ಲಿರುವವರು ನಂಬಿದ್ದಾರೆ. ವಾಸ್ತವದಲ್ಲಿ ಕೊಳವೆಬಾವಿಯ ಪಂಪು ಓಡುತ್ತಿರುವಷ್ಟು ಹೊತ್ತು ಅದರ ಗುಂಯ್‌ಗುಡುವಿಕೆ ಗೋಡೆ ದಾಟಿ ಒಳಗೆ ಬರುತ್ತದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಜ್, ಅಮೆರಿಕದ್ದು 60. ಮೋಟಾರು, ಟ್ಯೂಬ್‌ಲೈಟುಗಳ ಗುನುಗಿನಲ್ಲಿ ಈ ವ್ಯತ್ಯಾಸ ಉಳಿದುಕೊಳ್ಳುವುದರಿಂದ, ಅನುಭವಿ ಧ್ವನಿ ಸಂಕಲನಕಾರರು ದಾಖಲಾತಿ ಯಾವ ಕಡೆಯದಿರಬಹುದೆಂದು ಅದರಿಂದಲೇ ಊಹಿಸುತ್ತಾರೆ. ಪಂಪು ಓಡಿಸುವ ತ್ರೀಫೇಸ್ ಕರೆಂಟು ಹೋಗುವ ಹೊತ್ತನ್ನು ಚಿಕ್ಕಪ್ಪ ಹೇಳಿದರು. ರಾತ್ರಿ ಆ ಹೊತ್ತಿಗೇ ಕೆಲಸ ಹೊಂದಿಸಿಕೊಂಡೆ.

ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಬಿಡಲೂಬಾರದು. ರೋಗ ಒಮ್ಮೆ ಒಳಗೆ ಬಂದರೆ ಇಡೀ ಬೆಳೆ ಹೋಗುತ್ತದೆ. ಚಿಕ್ಕಮ್ಮ ನನ್ನ ಕೈಕಾಲು ತೊಳೆಸಿ, ಮೈಕಿನ ಸ್ಟ್ಯಾಂಡನ್ನೂ ಸೋಂಕುನಿವಾರಕದಲ್ಲಿ ಒರೆಸಿಸಿ, ಸೊಳ್ಳೆಗೆ ಹಚ್ಚುವ ಮುಲಾಮನ್ನು ಹೊರಗೇ ಇಡಿಸಿದರು. 'ಹುಳ ಮೇಯೋ ಸದ್ದನ್ನೂ ದುಡ್ಡು ಕೊಟ್ಟು ತಗೊಳ್ಳೋರು ಇದಾರೇನಪ್ಪಾ?' ಎಂದು ಅವರು ಕೇಳಿದಾಗ, ಹೆಡ್‌ಫೋನನ್ನು ಅವರ ಕಿವಿಗೇ ಇಟ್ಟೆ. ಸ್ವಲ್ಪ ಹೊತ್ತು ಕೇಳಿ, 'ಆ ಕೊನೇ ತಟ್ಟೇಲಿ ಸೊಪ್ಪು ಮುಗೀತಾ ಬಂದಿದೆ' ಎಂದು ಎದ್ದು ಹೋಗಿ ಸೊಪ್ಪು ಹಾಕಿದರು. ವೃತ್ತಿಪರ ಕಿವಿ ಎಂದರೆ ಏನೆಂದು ಕೇಳುವ ಕಿರಿಯ ಸಹೋದ್ಯೋಗಿಗಳಿಗೆ ನಾನು ಈಗ ಇದನ್ನೇ ಹೇಳುತ್ತೇನೆ.

ಈ ಸದ್ದನ್ನು ಸೆಕೆಂಡಿಗೆ 96,000 ಮಾದರಿಗಳ ದರದಲ್ಲಿ ದಾಖಲಿಸಿದೆ. ಆ ದರದಲ್ಲಿ 48 ಕಿಲೋಹರ್ಟ್ಜ್‌ವರೆಗಿನ ಕಂಪನಗಳನ್ನು ಹಿಡಿಯಬಹುದು; ಮನುಷ್ಯರ ಕಿವಿ ಸುಮಾರು 20ಕ್ಕೇ ನಿಲ್ಲುತ್ತದೆ. ಇಷ್ಟು ಹೆಚ್ಚಿನದು ಏಕೆಂದರೆ, ಸಂಕಲನಕಾರರು ಸದ್ದನ್ನು ಅರ್ಧ ವೇಗಕ್ಕೆ ಇಳಿಸಿದಾಗ ಕೇಳದಿದ್ದ ಕಂಪನಗಳೂ ಕೇಳುವ ವ್ಯಾಪ್ತಿಗೆ ಬರುತ್ತವೆ, ಸದ್ದು ಮಂಕಾಗುವುದಿಲ್ಲ. ಹೀಗೆ ಇಳಿಸಿದ ಹುಳುಗಳ ಮೇಯುವಿಕೆ ಯಾವುದೋ ದೈತ್ಯ ಪ್ರಾಣಿಯದೆಂಬಂತೆ ಕೇಳುತ್ತದೆ. ಅದೇ ಮನೆಯಲ್ಲಿ ಮತ್ತೊಂದು ಸದ್ದೂ ಸಿಕ್ಕಿತು: ಹುಳು ತನ್ನ ಸುತ್ತ ನೂಲಿನಿಂದ ಕಟ್ಟಿಕೊಂಡ ಗೂಡು ಬಲಿತಿದೆಯೇ ಎಂದು ನೋಡಲು ರೈತರು ಅದನ್ನು ಕಿವಿಯ ಬಳಿ ಅಲುಗಿಸುತ್ತಾರೆ, ಒಳಗೆ ಕೋಶವಾಗಿರುವ ಹುಳು ಗೋಡೆಗೆ ಬಡಿದು ಲೊಟಲೊಟ ಎನ್ನುತ್ತದೆ. ಒಂದೇ ತುಣುಕನ್ನು ಮತ್ತೆ ಮತ್ತೆ ಬಳಸಿದರೆ ಪ್ರೇಕ್ಷಕರಿಗೆ ಗೊತ್ತಾಗುವುದರಿಂದ, ಬೇರೆ ಬೇರೆ ಗೂಡುಗಳನ್ನು, ನಿಧಾನವಾಗಿಯೂ ಬೇಗವಾಗಿಯೂ ಅಲುಗಿಸಿ ದಾಖಲಿಸಬೇಕಾಯಿತು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಸಮಸ್ಯೆ ಬೇರೆ. ಅಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಉಸಿರಿನಲ್ಲಿ ಕೇಳುತ್ತವೆ. ಯಾರದಾದರೂ ಹೆಸರು, ಫೋನ್ ನಂಬರು, ಸಾಲದ ಮಾತು ಸ್ಪಷ್ಟವಾಗಿ ಕೇಳಿಸಿದ ಭಾಗವನ್ನು ನಾನು ಕತ್ತರಿಸಿಬಿಡುತ್ತೇನೆ. ಮೊದಲೇ ಅನುಮತಿ ಕೇಳಿದ್ದರೂ, ಆ ಸದ್ದು ಮುಂದೆ ಯಾವ ಚಿತ್ರಕ್ಕೆ ಹೋಗುತ್ತದೆಂದು ಕೊಟ್ಟವರಿಗೂ ನನಗೂ ತಿಳಿಯುವುದಿಲ್ಲವಲ್ಲ. ಉಳಿದುದರ ಜೊತೆಗೆ ಊರು, ತಿಂಗಳು, ಹೊತ್ತು, ಮೂರೂ ಭಾಷೆಗಳ ಹೆಸರು, ಮೈಕ್ ಇದ್ದ ದೂರ ಎಲ್ಲವನ್ನೂ ಬರೆಯುತ್ತೇನೆ. ಹುಡುಕುವವರು 'ಕನ್ನಡ' ಎಂದು ಬರೆದರೆ ಕನ್ನಡವೇ ಸಿಗಬೇಕು. ಈ ವಿವರಗಳಿಗೆ ದಾಖಲಾತಿಗಿಂತ ಹೆಚ್ಚು ಸಮಯ ಹಿಡಿದರೂ ಅದನ್ನು ಚುಟುಕಾಗಿ ಮುಗಿಸಲು ನನಗೆ ಮನಸ್ಸಿಲ್ಲ.

ಇನ್ನೂ ದಾಖಲಾಗದೆ ಉಳಿದಿರುವುದು ಕೈಯಿಂದ ತಿರುಗಿಸುವ ಚರಕದಲ್ಲಿ ಗೂಡಿನಿಂದ ನೂಲು ಬಿಚ್ಚುವ ಸದ್ದು. ಮೋಟಾರು ಮತ್ತು ಸ್ವಯಂಚಾಲಿತ ಯಂತ್ರಗಳು ಬಂದ ಮೇಲೆ ಅಂಥ ಚರಕಗಳು ಕಡಿಮೆಯಾಗುತ್ತಿವೆ. ಕುದಿಯುವ ನೀರು, ಅದರಲ್ಲಿ ಹೊರಳುವ ಗೂಡುಗಳು, ಮರದ ಚಕ್ರದ ಲಯ ಮೂರನ್ನೂ ಬೇರೆ ಬೇರೆ ಮೈಕುಗಳಲ್ಲಿ ಹಿಡಿಯಬೇಕೆಂದಿದ್ದೇನೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ನಿಮ್ಮ ಪರಿಚಯದ ಯಾರ ಮನೆಯಲ್ಲಾದರೂ ಅಂಥ ಚರಕ ಇನ್ನೂ ನಡೆಯುತ್ತಿದ್ದರೆ, ನಾನು ಮುಂದಿನ ರಜೆಗೆ ಬರುವವರೆಗೆ ಅದನ್ನು ಬಿಚ್ಚಿ ಗುಜರಿಗೆ ಹಾಕದಂತೆ ದಯವಿಟ್ಟು ಅವರಿಗೆ ಹೇಳಿ.