ಅರವತ್ತನಾಲ್ಕು ಸೆಕೆಂಡು

ಮಂಡ್ಯದ ಕಡೆಯ 14 ವರ್ಷದ ಆ ಹುಡುಗಿಯ ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಸ್ಕ್ರೂ, ರಾಡು ಹಾಕಿ ಅದನ್ನು ತಿದ್ದುವಾಗ ಬೆನ್ನುಹುರಿಯ ಸಂಕೇತಗಳ ಮೇಲೆ ಕಣ್ಣಿಟ್ಟಿರುವುದು ನನ್ನ ಕೆಲಸವಾಗಿತ್ತು. ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ ಅವಳ ತಾಯಿ, "ಸಾ, ಮಗ ನಡ್ಕಂಡೇ ಮನೆಗೆ ಬತ್ತದಲ್ವಾ?" ಎಂದು ಕೇಳಿದ್ದರು. ಅದಕ್ಕೆ ಉತ್ತರಿಸಬೇಕಾದವನು ನಾನಲ್ಲ. "ಡಾಕ್ಟ್ರು ಇದಾರಮ್ಮ" ಎಂದಷ್ಟೇ ಹೇಳಿ ಒಳಗೆ ಹೋದೆ.

ಪಾದದ ಗಿಣ್ಣಿನ ಒಳಬದಿಯ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟರೆ ಅದು ಬೆನ್ನುಹುರಿಯ ಹಿಂಭಾಗದ, ಸಂವೇದನೆ ಒಯ್ಯುವ ತಂತುಗಳಲ್ಲಿ ಏರಿ, ಸುಮಾರು 37 ಮಿಲಿಸೆಕೆಂಡಿನಲ್ಲಿ ನೆತ್ತಿಯ ಎಲೆಕ್ಟ್ರೋಡಿಗೆ ಅಲೆಯಾಗಿ ಸಿಗಬೇಕು. ಆ ಅಲೆಯಾದರೋ ಒಂದು ಮೈಕ್ರೋವೋಲ್ಟಿನ ಆಸುಪಾಸಿನದು. ಮಿದುಳಿನ ಸ್ವಂತ ವಿದ್ಯುತ್ ಗದ್ದಲ ಅದರ ಹತ್ತಾರು ಪಟ್ಟು. 300 ಮಿಡಿತಗಳ ದಾಖಲೆಯನ್ನು ಒಂದರ ಮೇಲೊಂದಿಟ್ಟು ಸರಾಸರಿ ತೆಗೆದಾಗ ಗೊತ್ತುಗುರಿಯಿಲ್ಲದ ಗದ್ದಲ ಸುಮಾರು 17ರಲ್ಲಿ ಒಂದು ಪಾಲಿಗೆ ಇಳಿದು, ಪ್ರತಿ ಸಲವೂ ಅದೇ ಗಳಿಗೆಗೆ ಬರುವ ಅಲೆ ಮಾತ್ರ ಉಳಿಯುತ್ತದೆ. ಸೆಕೆಂಡಿಗೆ ಸರಿಯಾಗಿ 5 ಮಿಡಿತ ಕೊಡುವಂತಿಲ್ಲ. ನಮ್ಮ ಕರೆಂಟು 50 ಹರ್ಟ್ಜ್‌ನದು. 5 ಅದನ್ನು ಶೇಷವಿಲ್ಲದೆ ಭಾಗಿಸುವುದರಿಂದ ಕರೆಂಟಿನ ಗುಂಯ್‌ಕಾರವೂ ಪ್ರತಿ ಸಲ ತಪ್ಪದೆ ಹಾಜರಾಗಿ, ತಾನೇ ಅಲೆಯೆಂಬಂತೆ ಕೂರುತ್ತದೆ. ಆದ್ದರಿಂದ ನಾನು ಇಡುವುದು 4.7. ಆ ಲೆಕ್ಕದಲ್ಲಿ 300ಕ್ಕೆ 64 ಸೆಕೆಂಡು ಬೇಕು.

ರಾಡನ್ನು ತಿರುಗಿಸಿ ಬಾಗನ್ನು ಎಳೆದ ಕೆಲವೇ ನಿಮಿಷಗಳಲ್ಲಿ ಎಡಗಾಲಿನ ಅಲೆ ಅರ್ಧಕ್ಕಿಂತ ಕೆಳಗಿಳಿಯಿತು. ಎತ್ತರ ಶೇ. 50 ಕುಸಿದರೆ ಅಥವಾ ಅಲೆ ಶೇ. 10 ತಡವಾದರೆ ಎಚ್ಚರಿಸಬೇಕೆಂಬುದು ರೂಢಿಯ ನಿಯಮ. ಹಿಂದೊಮ್ಮೆ ಗಿಣ್ಣಿಗೆ ಮಿಡಿತ ಕೊಡುವ ಅಂಟುಪಟ್ಟಿ ಕಳಚಿದ್ದನ್ನು ತಿಳಿಯದೆ ಕೂಗಿ, ನಡೆಯುತ್ತಿದ್ದ ಕೆಲಸವನ್ನು ನಿಲ್ಲಿಸಿ ಪೆಚ್ಚಾಗಿದ್ದವನು ನಾನು. ಆ ನಾಚಿಕೆ ಒಳ್ಳೆಯದಲ್ಲ. ಬಾಯಿ ತೆರೆಯಲು ಹಿಂಜರಿಸುತ್ತದೆ. ಆದರೂ "ಸರ್, ಎಡಗಾಲು ಇಳಿದಿದೆ, ಪರೀಕ್ಷಿಸುತ್ತಿದ್ದೇನೆ" ಎಂದು ಹೇಳಿಯೇ ಹೊಸ ಸರಾಸರಿ ಶುರುಮಾಡಿದೆ. ಸರ್ಜನ್ ಕೈ ತೆಗೆದು ನಿಂತರು. ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಡುವ ಕಾಟರಿಯನ್ನು ಮುಟ್ಟಿದರೂ ದಾಖಲೆ ಕೆಡುವುದರಿಂದ ಯಾರೂ ಏನನ್ನೂ ಮುಟ್ಟಲಿಲ್ಲ.

ಮಂಡಿಯ ಹಿಂದಿನ ಕುಳಿಯಲ್ಲಿ ಅಲೆ ಗಟ್ಟಿಯಾಗಿಯೇ ಇತ್ತು. ಅಂದರೆ ಪಟ್ಟಿ ಕಳಚಿರಲಿಲ್ಲ. ಮಣಿಕಟ್ಟಿನಿಂದ ಬರುವ ಅಲೆಯೂ ಕುಗ್ಗಿರಲಿಲ್ಲ. ಅರಿವಳಿಕೆ ಹೆಚ್ಚಾಗಿದ್ದರೆ ಅದೂ ಕುಗ್ಗಬೇಕಿತ್ತು. 64 ಸೆಕೆಂಡು ತುಂಬಿದಾಗ ಎಡಗಾಲಿನ ಅಲೆ ಇನ್ನೂ ತಗ್ಗಿತ್ತು. ಚಲನೆಯ ತಂತುಗಳ ದಾರಿ ಬೇರೆಯಾದ್ದರಿಂದ ನೆತ್ತಿಗೆ ಮಿಡಿತಗಳ ಸಣ್ಣ ಸರಣಿಯನ್ನು ಕೊಟ್ಟು ನೋಡಿದೆ. ಇದಕ್ಕೆ ಸರಾಸರಿ ಬೇಕಿಲ್ಲ, ಉತ್ತರ ತಕ್ಷಣವೇ ಸಿಗುತ್ತದೆ. ಬಲಪಾದದ ಸ್ನಾಯು ಮಿಡಿಯಿತು, ಎಡಪಾದದ್ದು ಮಿಡಿಯಲಿಲ್ಲ.

ಸರ್ಜನ್ ರಾಡನ್ನು ಸಡಿಲಿಸಿದರು. ಸರಾಸರಿ ರಕ್ತದೊತ್ತಡ 60ಕ್ಕೆ ಇಳಿದಿತ್ತು. ಅರಿವಳಿಕೆಯ ಡಾಕ್ಟರು ಅದನ್ನು 85ಕ್ಕೆ ಏರಿಸಿದರು. ಅಲೆ ಮರಳದಿದ್ದರೆ ಹುಡುಗಿಯನ್ನು ನಡುವೆಯೇ ಎಚ್ಚರಿಸಿ ಕಾಲಾಡಿಸಲು ಹೇಳೋಣವೆಂದೂ ಮಾತಾಯಿತು. ಫ್ರಾನ್ಸಿನ ಬೆನ್ನುಮೂಳೆ ಸರ್ಜನ್ ಸ್ಟಾನ್ಯಾರಾ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಆ ಪರೀಕ್ಷೆ ಇಂದಿಗೂ ಕೊನೆಯ ಆಸರೆಯಾಗಿದೆ. ಅದರ ಅಗತ್ಯ ಬೀಳಲಿಲ್ಲ. ಸುಮಾರು ಕಾಲು ಗಂಟೆಯಲ್ಲಿ ಎಡಪಾದ ಮಿಡಿಯಿತು. ಬಳಿಕ ಅಲೆಯೂ ನಿಧಾನವಾಗಿ ಮೇಲೆದ್ದಿತು. ಸರ್ಜನ್ ಬಾಗನ್ನು ಅಂದುಕೊಂಡದ್ದಕ್ಕಿಂತ ತುಸು ಕಡಿಮೆ ತಿದ್ದಿ ಮುಗಿಸಿದರು.

ಸಂಜೆ ಹುಡುಗಿಗೆ ಎಚ್ಚರವಾದ ಮೇಲೆ, ಮರೆತುಬಿಟ್ಟಿದ್ದ ಒಂದು ಪಟ್ಟಿಯನ್ನು ಎಡಗಿಣ್ಣಿನಿಂದ ಕೀಳಲು ಹೋದೆ. ಉರಿಗೆ ಅವಳು ಮುಖ ಕಿವುಚಿ ಕಾಲನ್ನು ಸರಕ್ಕನೆ ಎಳೆದುಕೊಂಡಳು.