ಕೆರೆ ಎಂದು ಹುಡುಕಿದರೆ ಸರ್ಕಾರ ಯಾಕೆ ಸಿಗುತ್ತದೆ?

ಹುಡುಕಾಟದಲ್ಲಿ ವೇಗ ಮುಖ್ಯವೋ, ಬೇಕಾದದ್ದೇ ಸಿಗುವುದು ಮುಖ್ಯವೋ ಎಂಬ ವಾದದಲ್ಲಿ ವೇಗದ ಕಡೆಯವರು ಸಾಮಾನ್ಯವಾಗಿ ಎತ್ತುವುದು ಗೂಗಲ್ 2009ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಉತ್ತರವನ್ನು ಬೇಕೆಂದೇ 100ರಿಂದ 400 ಮಿಲಿಸೆಕೆಂಡು ತಡಮಾಡಿದಾಗ, ಬಳಕೆದಾರರು ಮಾಡುವ ಹುಡುಕಾಟಗಳು ಶೇ 0.2ರಿಂದ 0.6ರಷ್ಟು ಇಳಿದವು. ಗೂಗಲ್‌ಗೆ ಅದು ದೊಡ್ಡ ನಷ್ಟವೇ. ಆದರೆ ಹುಡುಕಾಟ ಹೆಚ್ಚಾದರೆ ಒಳ್ಳೆಯದು ಎಂದುಕೊಳ್ಳುವುದರಲ್ಲೇ ಒಂದು ಮೋಸವಿದೆ. ಮೈಕ್ರೋಸಾಫ್ಟ್‌ನ ಹುಡುಕಾಟ ತಾಣ ಬಿಂಗ್‌ನಲ್ಲಿ ಒಮ್ಮೆ ಒಂದು ಬಗ್‌ನಿಂದಾಗಿ ಕೆಲವರಿಗೆ ತೀರಾ ಕಳಪೆ ಫಲಿತಾಂಶ ಹೋಯಿತು. ಆಗ ತಲಾ ಹುಡುಕಾಟ ಶೇ 10ಕ್ಕೂ ಹೆಚ್ಚು, ತಲಾ ಆದಾಯ ಶೇ 30ಕ್ಕೂ ಹೆಚ್ಚು ಏರಿತು. ಬೇಕಾದದ್ದು ಸಿಗದವರು ಮತ್ತೆ ಮತ್ತೆ ಹುಡುಕಿದರು, ಜಾಹೀರಾತನ್ನೂ ಒತ್ತಿದರು, ಅಷ್ಟೇ. ಅಲ್ಲಿನ ತಜ್ಞರೇ 2012ರಲ್ಲಿ ಇದನ್ನು ಬರೆದುಕೊಂಡಿದ್ದಾರೆ.

ಹತ್ತಿಪ್ಪತ್ತು ಸಾವಿರ ಪುಟಗಳ ಕನ್ನಡ ಸೈಟಿನ ಒಳಗಿನ ಹುಡುಕಾಟಕ್ಕೆ ವೇಗ ದೊಡ್ಡ ಸಮಸ್ಯೆಯೇ ಅಲ್ಲ. ಅಷ್ಟು ಪುಟಗಳ ಇಂಡೆಕ್ಸನ್ನು, ಅಂದರೆ ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿಯನ್ನು, ಸಾಧಾರಣ ಸರ್ವರ್ ಕೂಡ ಕೆಲವೇ ಮಿಲಿಸೆಕೆಂಡಿನಲ್ಲಿ ಜಾಲಾಡಿಬಿಡುತ್ತದೆ. ಕೆಡುವುದು ಸಿಗುವ ಉತ್ತರ.

ಎಸ್‌ಕ್ಯೂಲೈಟ್‌ನ ಎಫ್‌ಟಿಎಸ್5 ತೆಗೆದುಕೊಳ್ಳಿ. ಅದು ಎಸ್‌ಕ್ಯೂಲೈಟ್ ಡೇಟಾಬೇಸಿನೊಳಗೇ ಇರುವ ಪಠ್ಯ ಹುಡುಕುವ ಸೌಲಭ್ಯ, ಸಣ್ಣ ಸೈಟುಗಳಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಅದರ ಮಾಮೂಲಿ ಟೋಕನೈಸರ್ (ಪಠ್ಯವನ್ನು ಪದಗಳಾಗಿ ಒಡೆಯುವ ಭಾಗ) ‘ಯೂನಿಕೋಡ್61’ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಎಂದು ಎಣಿಸುತ್ತದೆ. ಕನ್ನಡದ ಗುಣಿತದ ಚಿಹ್ನೆಗಳು, ಅರ್ಧಾಕ್ಷರದ ಚಿಹ್ನೆ, ಅನುಸ್ವಾರ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಕೇತ ಕೊಡುವ ವ್ಯವಸ್ಥೆ) ಪ್ರಕಾರ ಬೇರೆ ವರ್ಗ. ಹಾಗಾಗಿ ಅವು ಬಂದಲ್ಲೆಲ್ಲ ಪದ ತುಂಡಾಗುತ್ತದೆ. ‘ಕೆರೆ’ ಹೋಗಿ ‘ಕ’, ‘ರ’ ಎಂಬ ಎರಡು ತುಂಡು. ‘ಸರ್ಕಾರ’ ಹೋಗಿ ‘ಸರ’, ‘ಕ’, ‘ರ’. ಈಗ ಕೆರೆ ಎಂದು ಹುಡುಕಿದರೆ ‘ಕ’ ಆದಮೇಲೆ ‘ರ’ ಇರುವ ಪುಟಗಳೆಲ್ಲ ಹೊರಬರುತ್ತವೆ: ಕಾರು, ಕೇರಿ, ಕೋರಿ, ಜೊತೆಗೆ ಸರ್ಕಾರ. ಎಲ್ಲವೂ ಕಣ್ಣು ಮಿಟುಕಿಸುವುದರೊಳಗೆ! ಪರಿಹಾರ ಒಂದೇ ಸಾಲು. ಟೇಬಲ್ ಮಾಡುವಾಗ ಟೋಕನೈಸರ್‌ನ ‘ಕ್ಯಾಟಗರೀಸ್’ ಆಯ್ಕೆಯಲ್ಲಿ ಮೊದಲೇ ಇರುವ ವರ್ಗಗಳ ಜೊತೆಗೆ ಈ ಚಿಹ್ನೆಗಳ ವರ್ಗಗಳಾದ ಎಂಎನ್ (Mn), ಎಂಸಿ (Mc) ಎರಡನ್ನೂ ಸೇರಿಸಬೇಕು. ಹಳೆಯ ಟೇಬಲ್‌ಗೆ ಇದನ್ನು ಆಮೇಲೆ ಹಚ್ಚಲು ಬರುವುದಿಲ್ಲ, ಹೊಸದು ಮಾಡಿ ಮತ್ತೆ ತುಂಬಬೇಕು.

‘ಟ್ರೈಗ್ರಾಮ್’ ಟೋಕನೈಸರ್ (ಪಠ್ಯವನ್ನು ಮೂರು ಮೂರು ಸಂಕೇತದ ತುಂಡು ಮಾಡುವಂಥದ್ದು) ಹಾಕಿದರೆ ಈ ತಲೆನೋವು ಇಲ್ಲ, ‘ಹೊಸಕೆರೆ’ಯೊಳಗಿನ ಕೆರೆಯೂ ಸಿಗುತ್ತದೆ ಎನ್ನುವವರಿದ್ದಾರೆ. ನಿಜ. ಆದರೆ ಅದಕ್ಕೆ ಕನಿಷ್ಠ ಮೂರು ಸಂಕೇತ ಬೇಕು. ಊಟ, ಹಣ, ಮರ ಇವೆಲ್ಲ ಎರಡೇ ಸಂಕೇತದ ಪದಗಳು, ಫಲಿತಾಂಶ ಸೊನ್ನೆ.

ಇನ್ನು ಪಠ್ಯವನ್ನು ಹದಮಾಡುವ ಕೆಲಸ. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತಂದರೆ ಒಂದಾಗುತ್ತವೆ. ‘ಬ್ಯಾಂಕ್‌ನಲ್ಲಿ’ ಎಂಬಲ್ಲಿ ಒತ್ತು ಬೀಳದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವನ್ನು ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಅದನ್ನೂ ಅದರ ಜೋಡಿಯನ್ನೂ (ಯೂನಿಕೋಡ್‌ನಲ್ಲಿ 200ಸಿ, 200ಡಿ) ಇಂಡೆಕ್ಸ್‌ನಿಂದ ತೆಗೆಯಿರಿ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದವರೂ ಸಿಗುತ್ತಾರೆ. ಅಕ್ಷರದ ಬೆನ್ನಿಗೇ ಬಂದ ಸೊನ್ನೆಯನ್ನು ಅನುಸ್ವಾರ ಮಾಡಿ, ಅಂಕಿಗಳ ನಡುವಿನದನ್ನು ಮುಟ್ಟಬೇಡಿ. ಈ ಬದಲಾವಣೆಯೆಲ್ಲ ಇಂಡೆಕ್ಸ್‌ಗೆ ಮಾತ್ರ. ತೋರಿಸುವ ಪಠ್ಯ ಮೂಲದ್ದೇ ಇರಲಿ. ಇಲ್ಲದಿದ್ದರೆ ಫಲಿತಾಂಶದ ತುಣುಕಿನಲ್ಲಿ ಕ-ಕಾರಕ್ಕೆ ನ-ಕಾರದ ಒತ್ತು ಬಿದ್ದ ವಿಚಿತ್ರ ಬ್ಯಾಂಕು ಕಾಣಿಸುತ್ತದೆ.

ಆಮೇಲೆ ಬರುವುದೇ ನಿಜವಾದ ಪೀಕಲಾಟ, ವಿಭಕ್ತಿ. ಮರ ಎಂದು ಹುಡುಕಿದವರಿಗೆ ಮರದಲ್ಲಿ, ಮರಗಳು, ಮರಕ್ಕೆ ಎಲ್ಲ ಬೇಕು. ‘ಮರ’ದಿಂದ ಶುರುವಾಗುವ ಪದಗಳನ್ನೆಲ್ಲ ತರುವುದು ಅತಿ ವೇಗದ ದಾರಿ, ಅದು ಮರಳು, ಮರಣ, ಮರವಂತೆಯನ್ನೂ ಹೊತ್ತು ತರುತ್ತದೆ. ಅದಕ್ಕಿಂತ ಪ್ರತ್ಯಯ ಕತ್ತರಿಸುವುದು ಮೇಲು. ಉದ್ದನೆಯ ಪ್ರತ್ಯಯದಿಂದ ಶುರುಮಾಡಿ (ಗಳಲ್ಲಿ, ಗಳನ್ನು, ದಲ್ಲಿ, ನಲ್ಲಿ, ಇಗೆ, ಕ್ಕೆ), ಕೊನೆಯ ಉಕಾರ, ಅರ್ಧಾಕ್ಷರದ ಚಿಹ್ನೆಯನ್ನೂ ಬಿಡಿಸಿದರೆ ಊರು, ಊರಿಗೆ ಎರಡೂ ‘ಊರ’ ಆಗುತ್ತವೆ. ಕನಿಷ್ಠ ಎರಡು ಅಕ್ಷರ ಉಳಿಯಲೇಬೇಕು ಎಂಬ ನಿಯಮ ಬೇಕು. ಅದಿಲ್ಲದಿದ್ದರೆ ನೀರಿನ ‘ನಲ್ಲಿ’ ಪೂರ್ತಿ ಮಾಯವಾಗುತ್ತದೆ.

ಆ ನಿಯಮವೂ ಸಾಲದು. ‘ಹೋಳಿಗೆ’ಯಿಂದ ‘ಇಗೆ’ ಕತ್ತರಿಸಿದರೆ ಉಳಿಯುವುದು ‘ಹೋಳ’. ‘ಹೋಳು’ ಎಂಬುದರಿಂದ ಉಕಾರ ತೆಗೆದರೂ ಅದೇ. ಅಡುಗೆ ಸೈಟಿನಲ್ಲಿ ಹೋಳಿಗೆ ಹುಡುಕಿದವರಿಗೆ ಬದನೆಕಾಯಿ ಹೋಳಿನ ಹುಳಿ, ಪಲ್ಯಗಳೆಲ್ಲ ಸಾಲುಗಟ್ಟುತ್ತವೆ. ಮಲ್ಲಿಗೆ, ಸಂಪಿಗೆಗಳದ್ದೂ ಇದೇ ಪಾಡು. ಇಂಥ ಪದಗಳಿಗೆ ‘ಮುಟ್ಟಬೇಡ’ ಪಟ್ಟಿ ಇಡಿ. ಕತ್ತರಿಸಿದ ರೂಪವನ್ನು ಬೇರೆ ಕಾಲಂನಲ್ಲಿ ಹಾಕಿ, ಮೂಲ ರೂಪದ ಕಾಲಂಗೆ ಹೆಚ್ಚು ತೂಕ ಕೊಡಿ. ಶೀರ್ಷಿಕೆಗೆ 10, ಮೂಲ ಒಡಲಿಗೆ 3, ಕತ್ತರಿಸಿದ್ದಕ್ಕೆ 1 ಎಂದು ಶುರುಮಾಡಿ ಆಮೇಲೆ ತಿದ್ದಿಕೊಳ್ಳಬಹುದು. ಎಫ್‌ಟಿಎಸ್5ರ ಬಿಎಂ25 ಅಂಕ (ಪುಟ ಹುಡುಕಾಟಕ್ಕೆ ಎಷ್ಟು ಹೊಂದುತ್ತದೆ ಎಂಬ ಲೆಕ್ಕ) ಚಿಕ್ಕದಾದಷ್ಟೂ ಉತ್ತಮ ಎಂಬುದು ನೆನಪಿರಲಿ. ಇಳಿಕೆ ಕ್ರಮದಲ್ಲಿ ಜೋಡಿಸಿದರೆ ತೀರಾ ಸಂಬಂಧವಿಲ್ಲದ್ದೇ ಮೊದಲು ಬರುತ್ತದೆ.

ಪೊಲೀಸ್, ಪೋಲಿಸ್, ಪೊಲೀಸು ಎಂಬ ಬರಹ ವ್ಯತ್ಯಾಸಕ್ಕೆ ಹ್ರಸ್ವ-ದೀರ್ಘ ಒಂದುಮಾಡಿದರೆ ಕೆಲಸವೇನೋ ಆಗುತ್ತದೆ, ಆದರೆ ಕೆರೆಗೆ ಕೇರೆ ಹಾವೂ ಬಂದು ಸೇರುತ್ತದೆ. ಆದ್ದರಿಂದ ಮೊದಲ ಹುಡುಕಾಟದಲ್ಲಿ ಏನೂ ಸಿಗದಿದ್ದಾಗ ಮಾತ್ರ ಈ ಸಡಿಲ ಹುಡುಕಾಟ ಓಡಲಿ. ಸಮಯ ದುಪ್ಪಟ್ಟಾಗುವುದು ಆಗ ಮಾತ್ರ, ಖಾಲಿ ಪುಟ ನೋಡುವ ಬದಲು ಯಾರಾದರೂ ಅಷ್ಟು ಕಾಯುತ್ತಾರೆ. ಮಿಕ್ಕ ಕೆಲಸವೆಲ್ಲ ಇಂಡೆಕ್ಸ್ ಮಾಡುವಾಗಲೇ ಮುಗಿದಿರುತ್ತದೆ. ಹುಡುಕುವ ಹೊತ್ತಿನಲ್ಲಿ ಹದಮಾಡಬೇಕಾದ್ದು ಬಳಕೆದಾರರು ಕೊಟ್ಟ ಒಂದೆರಡು ಪದಗಳನ್ನಷ್ಟೇ. ವೇಗಕ್ಕೂ ಸರಿಯಾದ ಉತ್ತರಕ್ಕೂ ಜಗಳ ಇದೆ ಎನ್ನುವುದು ಈ ಗಾತ್ರದಲ್ಲಿ ಬರೀ ಮಾತು.

ವೇಗ ನಿಜಕ್ಕೂ ಬೇಕಾದ ಜಾಗ ಒಂದಿದೆ, ಟೈಪ್ ಮಾಡುತ್ತಿದ್ದಂತೆ ಕೆಳಗೆ ಇಳಿಯುವ ಸಲಹೆಗಳ ಪಟ್ಟಿ. ಅದು 100 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬರದಿದ್ದರೆ ಬೆರಳು ಆಗಲೇ ಮುಂದಿನ ಅಕ್ಷರಕ್ಕೆ ಹೋಗಿರುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಲಿಪ್ಯಂತರ ಕೀಲಿಮಣೆಯಲ್ಲಿ ಮೊದಲು ‘ಕ್’ ಬಂದು ಆಮೇಲೆ ‘ಕೆ’ ಆಗುವುದರಿಂದ ಪ್ರತಿ ಒತ್ತಿಗೂ ಸರ್ವರ್‌ಗೆ ಓಡುವುದು ದಂಡ. ಅರ್ಧಾಕ್ಷರದಲ್ಲಿ ಮುಗಿದ ಪದವನ್ನು ಕಳಿಸಬೇಡಿ, ಕೈ ನಿಂತು 150 ಮಿಲಿಸೆಕೆಂಡು ಆದಮೇಲೆ ಕೇಳಿ. ‘ಬ್ಯಾಂಕ್’ ಥರದ ಪದಗಳು ಅರ್ಧಾಕ್ಷರದಲ್ಲೇ ಮುಗಿಯುವುದರಿಂದ, 400 ಮಿಲಿಸೆಕೆಂಡು ಸುಮ್ಮನಿದ್ದರೆ ಹೇಗಿದೆಯೋ ಹಾಗೇ ಕಳಿಸಿ. ಪ್ರತಿ ಕೋರಿಕೆಗೂ ಕ್ರಮಸಂಖ್ಯೆ ಹಾಕಿ, ಹಿಂದಿನದರ ಉತ್ತರ ತಡವಾಗಿ ಬಂದರೆ ಬಿಸಾಡಿ. ಇಲ್ಲವಾದರೆ ‘ಕೆರೆ’ಯ ಸಲಹೆಗಳ ಮೇಲೆ ‘ಕೆ’ಯ ಸಲಹೆಗಳು ಬಂದು ಕೂರುತ್ತವೆ.