ಕಾಯೋದು ನಮ್ಮ ಕೆಲಸ

ಮೇಡಂ ತೀರಿಕೊಂಡು ಇವತ್ತಿಗೆ ಒಂದು ವರ್ಷ. ಅವರ ಬಗ್ಗೆ ಬರೆಯಬೇಕು ಅಂತ ಎಷ್ಟೋ ಸಲ ಕೂತಿದ್ದೇನೆ, ಎಲ್ಲಿಂದ ಶುರು ಮಾಡೋದು ಅಂತ ತಿಳಿಯದೆ ಹಾಗೇ ಎದ್ದಿದ್ದೇನೆ. ಹೆಸರು ಬರೆಯುವುದಿಲ್ಲ, ಅವರಿಗೆ ಅದು ಇಷ್ಟವಾಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ಮೇಡಂ ಅಂತಲೇ ಕರೆಯುತ್ತಿದ್ದೆವು. ಇಲ್ಲೂ ಹಾಗೇ ಇರಲಿ.

ಅವರು ನಮ್ಮ ಆಸ್ಪತ್ರೆಯ ಆಡಳಿತಾಧಿಕಾರಿ. ಆಪರೇಷನ್ ಮಾಡಿದ ಡಾಕ್ಟರನ್ನು ಜನ ವರ್ಷಗಟ್ಟಲೆ ನೆನೆಯುತ್ತಾರೆ. ರಾತ್ರಿಯೆಲ್ಲ ಪಕ್ಕದಲ್ಲಿದ್ದ ಸಿಸ್ಟರ್ ಮುಖವನ್ನೂ ಮರೆಯುವುದಿಲ್ಲ. ಆದರೆ ಆ ರಾತ್ರಿ ಆಕ್ಸಿಜನ್ ಖಾಲಿಯಾಗದ ಹಾಗೆ, ಕರೆಂಟ್ ಹೋದ ಕೂಡಲೇ ಜನರೇಟರ್ ಶುರುವಾಗುವ ಹಾಗೆ, ಒಗೆದ ಬೆಡ್‌ಶೀಟ್ ವಾರ್ಡಿಗೆ ಹೊತ್ತಿಗೆ ಸರಿಯಾಗಿ ಬರುವ ಹಾಗೆ, ನೈಟ್ ಡ್ಯೂಟಿಗೆ ಒಬ್ಬರು ಬಾರದಿದ್ದರೆ ಇನ್ನೊಬ್ಬರು ಸಿಗುವ ಹಾಗೆ ನೋಡಿಕೊಂಡವರು ಯಾರು ಅಂತ ಯಾರೂ ಕೇಳುವುದಿಲ್ಲ. ಕೇಳಿದರು ಅಂದರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ. ಮೇಡಂ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆ ಕೆಲಸ ಮಾಡಿದರು. ಅದರಲ್ಲಿ ಹನ್ನೊಂದು ವರ್ಷ ನಾನು ಅವರ ಕೈಕೆಳಗಿದ್ದೆ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅವರು ನನಗೆ ಮೇಜು ಕೊಡಲಿಲ್ಲ. ಐಡಿ ಕಾರ್ಡನ್ನೂ ಕೊಡಲಿಲ್ಲ. "ಹೋಗಿ ಓಪಿಡಿಯಲ್ಲಿ ಎರಡು ಗಂಟೆ ಸುಮ್ನೆ ಕೂತು ಬನ್ನಿ" ಅಂದರು. ರೋಗಿಗಳ ಮಧ್ಯೆ ಹೋಗಿ ಕೂತೆ. ವಾಪಸ್ ಬಂದಾಗ "ಏನು ನೋಡಿದ್ರಿ?" ಅಂತ ಕೇಳಿದರು. ತುಂಬಾ ರಶ್ ಇದೆ ಮೇಡಂ ಅಂದೆ.

"ಮೂಲೇಲಿ ಒಬ್ಬರು ಅಜ್ಜ ಕೂತಿದ್ದರಲ್ವಾ, ಅವರು ಎಷ್ಟು ಸಲ ಎದ್ದು ನಿಂತರು?"

ನಾನು ನೋಡಿರಲಿಲ್ಲ. ಮೇಡಂ ನೋಡಿದ್ದರು. ಹೆಸರು ಕೂಗಿದಾಗಲೆಲ್ಲ ಆ ಅಜ್ಜ ಕೋಲು ಊರಿಕೊಂಡು ಎದ್ದು, ಕೌಂಟರ್ ತನಕ ಬಂದು, ತಮ್ಮ ಹೆಸರಲ್ಲ ಅಂತ ಗೊತ್ತಾದ ಮೇಲೆ ಮತ್ತೆ ಹೋಗಿ ಕೂರುತ್ತಿದ್ದರಂತೆ. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ತಮ್ಮ ಸರದಿ ಎಲ್ಲಿ ತಪ್ಪಿಹೋಗುತ್ತದೋ ಅಂತ ಭಯ. ಮಂಡಿನೋವಿಗೆ ಅಂತ ಬಂದವರು ಅವರು! ಮುಂದಿನ ವಾರವೇ ಟೋಕನ್ ನಂಬರ್ ದೊಡ್ಡದಾಗಿ ಕಾಣುವ ಬೋರ್ಡ್ ಬಂತು. ಡಾಕ್ಟರ ರೂಮಿನ ಪಕ್ಕದ ಮೊದಲ ಸಾಲು ವಯಸ್ಸಾದವರಿಗೆ ಅಂತಾಯಿತು.

ಆ ದಿನ ಅವರು ಹೇಳಿದ ಮಾತು ಇದು: "ಕಾಯಿಲೆ ಡಾಕ್ಟರ್ ನೋಡ್ಕೋತಾರೆ. ಕಾಯೋದು ನಮ್ಮ ಕೆಲಸ."

ಜನ ಕಾಯುತ್ತಾ ಕೂತಿರುತ್ತಾರಲ್ಲ, ಅದನ್ನು ನೋಡಿಕೊಳ್ಳುವುದು ನಮ್ಮ ಕೆಲಸ ಅಂತ ಮಾತ್ರ ನನಗೆ ಅವತ್ತು ಅರ್ಥವಾಗಿದ್ದು. ಕಾಯೋದು ಅಂದರೆ ಕಾಪಾಡೋದೂ ಹೌದು ಅಂತ ಹೊಳೆಯುವುದಕ್ಕೆ ವರ್ಷಗಳೇ ಬೇಕಾದವು. ಕೊಲ್ಲುವವನಿಗಿಂತ ಕಾಯುವವನು ದೊಡ್ಡವನು ಅಂತ ಚಿಕ್ಕಂದಿನಿಂದ ಕೇಳಿದ ಗಾದೆ. ಕಾಯುವವನು ಮೇಲೆ ಇದ್ದಾನೆ, ನಾವು ಅವನ ಕೆಳಗೆ ಒಂದಷ್ಟು ಹೊತ್ತು ಡ್ಯೂಟಿ ಮಾಡೋರು, ಅಷ್ಟೇ ಅಂತ ಅವರು ಪೂರ್ತಿ ನಂಬಿದ್ದರು.

ನಂಬಿಕೆ ಇತ್ತು ಅಂತ ಲೆಕ್ಕವನ್ನು ದೇವರಿಗೆ ಬಿಟ್ಟವರಲ್ಲ. ಕೂರೋಕೆ ಜಾಗ ಸಾಲುತ್ತಿಲ್ಲ, ಜನ ಜಾಸ್ತಿಯಾದರು ಅಂತ ಯಾರಾದರೂ ಮೀಟಿಂಗಿನಲ್ಲಿ ಹೇಳಿದರೆ ಬೋರ್ಡಿನ ಹತ್ತಿರ ಹೋಗಿ ಚಾಕ್‌ಪೀಸ್ ತೆಗೆದುಕೊಳ್ಳುತ್ತಿದ್ದರು. ಗಂಟೆಗೆ 12 ಜನ ಬರುತ್ತಾರೆ, ಒಬ್ಬೊಬ್ಬರು ಅರ್ಧ ಗಂಟೆ ಇರುತ್ತಾರೆ ಅಂದರೆ ಯಾವಾಗ ನೋಡಿದರೂ ಸರಾಸರಿ 6 ಜನ ಇರುತ್ತಾರೆ. ಅದೇ 12 ಜನ ತಲಾ ಎರಡು ಗಂಟೆ ಇರಬೇಕಾಗಿ ಬಂದರೆ 24 ಜನ. ಜಾನ್ ಲಿಟಲ್ ಅನ್ನುವವರು 1961ರಲ್ಲಿ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದ್ದರು, ಕ್ಯೂ ಇರುವ ಕಡೆಯಲ್ಲೆಲ್ಲ ಇದೇ ಲೆಕ್ಕ. "ಬರೋ ಜನ ಅಷ್ಟೇ ಇದ್ದಾರೆ. ನಾವು ನಿಧಾನ ಆಗಿದ್ದೀವಿ" ಅನ್ನುತ್ತಿದ್ದರು ಮೇಡಂ. ಇನ್ನೂ ನಾಲ್ಕು ಸಾಲು ಕುರ್ಚಿ ಹಾಕಿಸುವ ಬದಲು ಎಲ್ಲಿ ಹೊತ್ತು ಹೋಗುತ್ತಿದೆ ಅಂತ ಹುಡುಕಲು ನಮ್ಮನ್ನು ಓಡಿಸುತ್ತಿದ್ದರು.

ಹಾಗೆ ಹುಡುಕಿದಾಗ ಸಿಕ್ಕಿದ್ದೇ ಡಿಸ್ಚಾರ್ಜ್ ಗೋಳು. ಬೆಳಿಗ್ಗೆ ರೌಂಡ್ಸಿನಲ್ಲಿ ಡಾಕ್ಟರ್ ನೀವು ಮನೆಗೆ ಹೋಗಬಹುದು ಅಂದಿರುತ್ತಾರೆ. ರೋಗಿ ಬಟ್ಟೆ ಬದಲಿಸಿ, ಬ್ಯಾಗು ಕಟ್ಟಿಕೊಂಡು, ಮಂಚದ ಅಂಚಿನಲ್ಲಿ ಕೂತಿರುತ್ತಾರೆ. ಏನೇನು ಚಿಕಿತ್ಸೆ ಆಯಿತು ಅಂತ ಬರೆಯುವ ಸಮ್ಮರಿ ಟೈಪಾಗಬೇಕು, ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಬೇಕು, ಅದಾದ ಮೇಲೆ ಬಿಲ್ಲು. ಒಂದು ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ, ಸಂಜೆಯಾಗುತ್ತದೆ. ಆ ಹೊತ್ತಿನಲ್ಲಿ ಕೆಳಗೆ ಕ್ಯಾಷುಯಲ್ಟಿಯಲ್ಲಿ ಯಾರೋ ಸ್ಟ್ರೆಚರ್ ಮೇಲೆ ಅದೇ ಬೆಡ್ಡಿಗೆ ಕಾಯುತ್ತಿರುತ್ತಾರೆ! ನಾಳೆ ಯಾರು ಹೋಗುತ್ತಾರೆ ಅಂತ ಹಿಂದಿನ ಸಂಜೆಯೇ ಪಟ್ಟಿ ಮಾಡಿ, ಸಮ್ಮರಿ ಅರ್ಧ ಮುಗಿಸಿ ಇಡುವ ಪದ್ಧತಿ ಮೇಡಂ ತಂದರು. ಕೇಳೋಕೆ ಸಣ್ಣ ವಿಷಯ. ಎಲ್ಲರನ್ನೂ ಒಪ್ಪಿಸಲು ಒಂದು ವರ್ಷ ಹಿಡಿಯಿತು.

ಎಲ್ಲ ಬೆಡ್ಡೂ ತುಂಬಿದ್ದರೆ ಆಸ್ಪತ್ರೆ ಚೆನ್ನಾಗಿ ನಡೆಯುತ್ತಿದೆ ಅಂತ ಅಂದುಕೊಳ್ಳುವವರ ಜೊತೆ ಅವರದು ಮುಗಿಯದ ಜಗಳ. 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನದ ಪ್ರತಿ ಅವರ ಡ್ರಾಯರ್‌ನಲ್ಲಿ ಯಾವಾಗಲೂ ಇರುತ್ತಿತ್ತು. ತುರ್ತಾಗಿ ಬರುವವರನ್ನು ಸೇರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಸರಾಸರಿ ಶೇಕಡ 85ಕ್ಕಿಂತ ಜಾಸ್ತಿ ಬೆಡ್ ತುಂಬಿದರೆ ಅಪಾಯ ಕಾಣಿಸಿಕೊಳ್ಳುತ್ತದೆ, 90 ದಾಟಿದರೆ ಆಗಾಗ ಬೆಡ್ ಸಿಗದ ಪರಿಸ್ಥಿತಿ ಬರುತ್ತದೆ ಅಂತ ಅದು ಲೆಕ್ಕ ಹಾಕಿ ತೋರಿಸುತ್ತದೆ. "ಖಾಲಿ ಬೆಡ್ ನಷ್ಟ ಅಲ್ಲ. ಅದು ಇನ್ನೂ ಬಂದಿಲ್ಲದವರ ಬೆಡ್" ಅನ್ನುತ್ತಿದ್ದರು. ಎಲ್ಲ ಸಲವೂ ಅವರ ಮಾತು ನಡೆಯಲಿಲ್ಲ. ಆದರೂ ಪ್ರತಿ ಸಲ ಆ ಕಾಗದ ಹೊರಗೆ ಬರುತ್ತಿತ್ತು.

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದರೆ, ಮೇಡಂ ತುಂಬಾ ಕರುಣೆ ಇರುವವರು ಅಂತ ಅವರು ಹೋದ ಮೇಲೆ ಎಷ್ಟೋ ಜನ ಹೇಳಿದರು. ನಿಜ. ಆದರೆ ಅವರ ಕರುಣೆ ಮಾತಿನಲ್ಲಿ ಇರಲಿಲ್ಲ, ಪಟ್ಟಿಯಲ್ಲಿ, ರೋಸ್ಟರಿನಲ್ಲಿ, ಕುರ್ಚಿ ಎಲ್ಲಿ ಹಾಕಿದ್ದಾರೆ ಅನ್ನೋದರಲ್ಲಿ ಇತ್ತು.

ಮನೆಯಲ್ಲೂ ಹಾಗೇ. ಅವರ ಅತ್ತೆ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಆಸ್ಪತ್ರೆಯಲ್ಲಿ ಎಲ್ಲರಿಗೂ ಕಲಿಸುತ್ತಾರೆ, ಇಲ್ಲದಿದ್ದರೆ ಸೊಂಟ, ಹಿಮ್ಮಡಿಯಲ್ಲಿ ಚರ್ಮ ಕಂದಿ ಹುಣ್ಣಾಗುತ್ತದೆ. ರಾತ್ರಿ ಹೊತ್ತು ಮೇಡಂ, ಅವರ ಯಜಮಾನರು, ಮಗಳು ಮೂರು ಜನರೂ ಸರದಿ ಹಾಕಿಕೊಂಡಿದ್ದರು. ಫ್ರಿಜ್ ಮೇಲೆ ಅಂಟಿಸಿದ್ದ ಆ ಸರದಿ ಪಟ್ಟಿಯನ್ನು ನಾನು ನೋಡಿದ್ದೇನೆ. ಹನ್ನೆರಡು, ಎರಡು, ನಾಲ್ಕು, ಆರು. ಬಲ, ಎಡ, ಬಲ, ಎಡ. ಪ್ರತಿ ಸಮಯದ ಮುಂದೆ ಒಂದು ಸಹಿ. ನಾಲ್ಕು ವರ್ಷದಲ್ಲಿ ಅತ್ತೆಗೆ ಒಂದು ಹುಣ್ಣೂ ಆಗಲಿಲ್ಲ ಅಂತ ಹೇಳುವಾಗ ಅವರ ದನಿಯಲ್ಲಿ ಇದ್ದ ಹೆಮ್ಮೆ ಬೇರೆ ಯಾವ ವಿಷಯಕ್ಕೂ ಇರುತ್ತಿರಲಿಲ್ಲ. ವಾರ್ಡುಗಳಲ್ಲಿ ಪ್ರತಿ ಮಂಚದ ಕಾಲ ಬಳಿ ಮಗ್ಗುಲು ಪಟ್ಟಿ ನೇತುಹಾಕಿಸಿದ್ದು ಅದಾದ ಮೇಲೆಯೇ.

ರೋಸ್ಟರ್ ಹಾಕುವ ಮೊದಲು ತಿಂಗಳಿಗೊಮ್ಮೆ ಎಲ್ಲರನ್ನೂ ಕೇಳುತ್ತಿದ್ದರು, ನಿಮ್ಮ ಮನೆಯಲ್ಲಿ ನೀವು ಇರಲೇಬೇಕಾದ ದಿನ ಯಾವುದು ಅಂತ. ಆಯಾ, ಸೆಕ್ಯುರಿಟಿ, ಲ್ಯಾಬಿನವರು, ಎಲ್ಲರಿಗೂ ಒಂದು ದಿನ. ಮಗನ ಶಾಲೆಯ ಕಾರ್ಯಕ್ರಮವೋ, ಅಮ್ಮನ ಕಣ್ಣಿನ ಆಪರೇಷನ್ನೋ, ಅದನ್ನು ಮೊದಲು ಬರೆದು ಆಮೇಲೆ ಡ್ಯೂಟಿ ಹಾಕುತ್ತಿದ್ದರು. ತಮ್ಮ ಮಗಳ ದಿನವನ್ನೂ ಅದೇ ಪಟ್ಟಿಯಲ್ಲಿ ಬರೆಯುತ್ತಿದ್ದರು.

ಪ್ರಾರ್ಥನೆ ವಿಷಯ ಹೇಳದಿದ್ದರೆ ಅವರ ಬಗ್ಗೆ ಬರೆದ ಹಾಗೇ ಆಗುವುದಿಲ್ಲ. ಬೆಳಿಗ್ಗೆ ಬಾಗಿಲು ಹಾಕಿಕೊಂಡು ಐದು ನಿಮಿಷ. ಆಮೇಲೆಯೇ ಮೊದಲ ಫೈಲು. ಏನು ಬೇಡಿಕೊಳ್ಳುತ್ತೀರಿ ಮೇಡಂ, ಎಲ್ಲರಿಗೂ ವಾಸಿಯಾಗಲಿ ಅಂತಾನಾ ಅಂತ ಒಂದು ದಿನ ಕೇಳಿದೆ. "ಅದು ದೊಡ್ಡ ಬೇಡಿಕೆ. ಇವತ್ತು ನಮ್ಮಿಂದ ಯಾರಿಗೂ ತೊಂದರೆ ಆಗದೆ ಇರಲಿ ಅಂತ ಕೇಳ್ತೀನಿ" ಅಂದರು. ಆಸ್ಪತ್ರೆ ಮಾಡಬೇಕಾದ ಮೊಟ್ಟಮೊದಲ ಕೆಲಸ ಅಂದರೆ ರೋಗಿಗೆ ಕೆಡುಕು ಮಾಡದೆ ಇರುವುದು ಅಂತ ಫ್ಲಾರೆನ್ಸ್ ನೈಟಿಂಗೇಲ್ 1863ರಲ್ಲೇ ಬರೆದಿದ್ದರು ಅಂತ ನಾನು ಆಮೇಲೆ ಓದಿದೆ. ದೀಪ ಹಿಡಿದ ಚಿತ್ರದಿಂದ ನಮಗೆಲ್ಲ ಅವರು ಗೊತ್ತು. ಆದರೆ 1858ರಲ್ಲಿ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಮಹಿಳೆಯೂ ಅವರೇ. ಸತ್ತವರ ಲೆಕ್ಕ ಇಟ್ಟು, ಅದನ್ನು ಚಿತ್ರ ಮಾಡಿ ತೋರಿಸಿ, ಗಾಯಕ್ಕಿಂತ ತಡೆಯಬಹುದಾದ ರೋಗಗಳಿಂದ ಸೈನಿಕರು ಜಾಸ್ತಿ ಸತ್ತರು ಅಂತ ಹೇಳಿದವರು. ದೈವಭಕ್ತೆ, ಜೊತೆಗೆ ಲೆಕ್ಕದ ಮನುಷ್ಯೆ. ಓದುವಾಗ ನನಗೆ ಮೇಡಂ ಅವರೇ ಕಣ್ಣ ಮುಂದೆ ಬಂದರು.

ಮೇಡಂ ತಮ್ಮ ನಂಬಿಕೆಯನ್ನು ಇನ್ನೊಬ್ಬರ ಮೇಲೆ ಹೇರಿದ್ದು ನಾನು ಕಾಣೆ. ಮೊದಲ ಮಹಡಿಯಲ್ಲಿ ಹಳೆಯ ಸಾಮಾನು ತುಂಬಿದ್ದ ಒಂದು ರೂಮಿತ್ತು. ಅದನ್ನು ಖಾಲಿ ಮಾಡಿಸಿ, ಯಾರು ಬೇಕಾದರೂ ಹೋಗಿ ಸುಮ್ಮನೆ ಕೂರಬಹುದಾದ ಕೋಣೆ ಮಾಡಬೇಕು ಅಂತ ಕೇಳಿಕೊಂಡರು. ಒಂದು ಚಿತ್ರ ಇಲ್ಲ, ಒಂದು ಗುರುತು ಇಲ್ಲ. ಮೂರು ಕುರ್ಚಿ, ಒಂದು ಚಾಪೆ, ಒಂದು ಕಿಟಕಿ. ಕಿಟಕಿಯ ಆಚೆ ಒಂದು ಮರ. ಅದೇ ಹೊತ್ತಿಗೆ ಮರ ಕಾಣುವ ಕಡೆಗೆ ಮಂಚಗಳನ್ನು ತಿರುಗಿಸಿ ಅಂತಲೂ ಹಠ ಹಿಡಿದರು. ಅದಕ್ಕೂ ಅವರ ಬಳಿ ಕಾಗದ ಇತ್ತು. ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಪಿತ್ತಕೋಶದ ಆಪರೇಷನ್ ಆದ 46 ಜನರಲ್ಲಿ ಅರ್ಧದಷ್ಟು ಜನರಿಗೆ ಕಿಟಕಿಯಿಂದ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಬೇಕಾದ ಜೋರು ನೋವಿನ ಔಷಧಿಯೂ ಕಡಿಮೆ. ಆ ಕೋಣೆಯಲ್ಲಿ ಎಲ್ಲ ಧರ್ಮದವರೂ ಕೂತದ್ದನ್ನು ನೋಡಿದ್ದೇನೆ, ದೇವರನ್ನು ನಂಬದ ಒಬ್ಬ ಸರ್ಜನ್ ಕೂತದ್ದನ್ನೂ ನೋಡಿದ್ದೇನೆ.

ರಜೆ ದಿನದಲ್ಲಿ ಅವರ ಕೆಲಸ ರಕ್ತದಾನಿಗಳ ಪಟ್ಟಿ. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಐದು ದಿನಕ್ಕಿಂತ ಜಾಸ್ತಿ ಇಡಲಾಗುವುದಿಲ್ಲ. ಅಂದರೆ ಕಳೆದ ತಿಂಗಳು ಸಾವಿರ ಜನ ಕೊಟ್ಟಿದ್ದರೂ ಇವತ್ತಿನ ರೋಗಿಗೆ ಇವತ್ತೇ ಯಾರಾದರೂ ಬರಬೇಕು. ಸಾಲು ರಜೆ ಬಂದರೆ ದಾನಿಗಳು ಸಿಗುವುದಿಲ್ಲ, ಕ್ಯಾನ್ಸರ್ ವಾರ್ಡಿಗೆ ರಜೆ ಇಲ್ಲ. ಹಾಗಾಗಿ ರಜೆ ಶುರುವಾಗುವ ಮೊದಲು ಮೇಡಂ ತಾವೇ ಫೋನ್ ಹಿಡಿದು ಕೂರುತ್ತಿದ್ದರು. ಕಾಲೇಜು ಹುಡುಗರು, ಡ್ರೈವರ್‌ಗಳು, ಟೀಚರ್‌ಗಳು. ಪ್ರತಿಯೊಬ್ಬರಿಗೂ "ಪರೀಕ್ಷೆ ಆಯ್ತಾ?", "ಮಗು ಹೇಗಿದೆ?" ಅಂತ ಕೇಳಿಯೇ ರಕ್ತದ ಮಾತು ಎತ್ತುತ್ತಿದ್ದರು. ಅವರೆಲ್ಲರ ಮನೆ ವಿಷಯ ಅವರಿಗೆ ಹೇಗೆ ನೆನಪಿರುತ್ತಿತ್ತೋ ನನಗೆ ಇವತ್ತಿಗೂ ಆಶ್ಚರ್ಯ.

ಇನ್ನು ಅರ್ಧ ಗಂಟೆಯ ನಿಯಮ. ಐಸಿಯು, ಆಪರೇಷನ್ ಥಿಯೇಟರ್ ಹೊರಗೆ ಕೂತಿರುವ ರೋಗಿಯ ಕಡೆಯವರ ಹತ್ತಿರ ಅರ್ಧ ಗಂಟೆಗೊಮ್ಮೆ ನಮ್ಮಲ್ಲಿ ಒಬ್ಬರು ಹೋಗಿ ಮಾತಾಡಬೇಕು. ಚಿಕಿತ್ಸೆಯ ವಿಷಯ ಡಾಕ್ಟರೇ ಹೇಳಬೇಕು, ಅದರಲ್ಲಿ ನಾವು ಬಾಯಿ ಹಾಕುವ ಹಾಗಿಲ್ಲ. ಇನ್ನೂ ನಡೀತಾ ಇದೆ, ಡಾಕ್ಟರ್ ಒಳಗಿದ್ದಾರೆ, ಅಷ್ಟು ಸಾಕು. ಹೇಳೋಕೆ ಏನೂ ಇಲ್ಲದಿದ್ದರೆ ಏನೂ ಇಲ್ಲ ಅಂತಲೇ ಹೋಗಿ ಹೇಳಿ ಅನ್ನುತ್ತಿದ್ದರು.

ಒಂದು ದಿನ ನಾನು ಹೋಗಲಿಲ್ಲ. ಬಿಲ್ಲಿಂಗ್‌ನಲ್ಲಿ ಏನೋ ಗಲಾಟೆ, ಒಂದೂವರೆ ಗಂಟೆ ಕಳೆದುಹೋಯಿತು. ಥಿಯೇಟರ್ ಹೊರಗೆ ಒಬ್ಬ ಹೆಂಗಸು ಕೂತಿದ್ದರು, ಒಳಗೆ ಅವರ ಗಂಡ. ನಾನು ಹೋದಾಗ ಅವರು ಗಂಡನ ಚಪ್ಪಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. "ಹೇಳಿ, ನನಗೆ ಗೊತ್ತಾಗಿದೆ" ಅಂದರು. ಯಾರೂ ಬರದೇ ಇದ್ದದ್ದಕ್ಕೆ ಅವರು ಗಂಡ ಹೋಗಿಬಿಟ್ಟರು ಅಂತಲೇ ತೀರ್ಮಾನಿಸಿದ್ದರು. ಒಳಗೆ ಆಪರೇಷನ್ ಚೆನ್ನಾಗಿಯೇ ನಡೆಯುತ್ತಿತ್ತು. ಗಂಡ ಸತ್ತ ಒಂದು ಗಂಟೆಯನ್ನು ಆಕೆ ನನ್ನಿಂದಾಗಿ ಅನುಭವಿಸಿದ್ದರು. ಮೇಡಂಗೆ ಹೋಗಿ ಹೇಳಿದೆ. ಬಯ್ಯಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ ಆ ಹೆಂಗಸಿನ ಪಕ್ಕದಲ್ಲಿ ಕೂರಿಸಿ, ತಾವು ಇನ್ನೊಂದು ಪಕ್ಕದಲ್ಲಿ ಕೂತರು. ಥಿಯೇಟರ್ ಬಾಗಿಲು ತೆರೆಯುವವರೆಗೂ ಮೂರು ಜನ ಹಾಗೇ ಕೂತಿದ್ದೆವು.

ಮೇಡಂ ಕೊನೆಯ ದಿನಗಳನ್ನು ನಮ್ಮ ಐಸಿಯುನಲ್ಲೇ ಕಳೆದರು. ಹೊರಗೆ ಅವರೇ ಹಾಕಿಸಿದ್ದ ಕುರ್ಚಿಗಳಲ್ಲಿ ಅವರ ಯಜಮಾನರು, ಮಗಳು. ಆ ರಾತ್ರಿ ಡ್ಯೂಟಿ ನನ್ನದಾಗಿರಲಿಲ್ಲ, ಕೇಳಿ ಹಾಕಿಸಿಕೊಂಡೆ. ಒಂಬತ್ತಕ್ಕೆ ಹೋದೆ, ಒಂಬತ್ತೂವರೆಗೆ ಹೋದೆ. ಹತ್ತಕ್ಕೆ ಹೋದಾಗ ಮಗಳು "ಅಕ್ಕಾ, ಏನೂ ಬದಲಾಗಿಲ್ಲ ಅಂತ ನಮಗೆ ಗೊತ್ತು, ನೀವು ಪದೇಪದೇ ಓಡಾಡಬೇಡಿ, ಸುಸ್ತಾಗತ್ತೆ" ಅಂದಳು. ಅವರ ಯಜಮಾನರು ಮಾತ್ರ ಗಡಿಯಾರ ನೋಡಿ ಹೇಳಿದರು, "ಬರಲಿ ಬಿಡಮ್ಮ. ಬರದೇ ಇದ್ದರೆ ಒಳಗಿರೋಳು ಸುಮ್ಮನಿರ್ತಾಳಾ?"

ಹತ್ತೂವರೆಗೆ ಮತ್ತೆ ಹೋದೆ. ಇನ್ನೂ ಇದ್ದಾರೆ, ಡಾಕ್ಟರ್ ಪಕ್ಕದಲ್ಲೇ ಇದ್ದಾರೆ ಅಂತ ಹೇಳಿದೆ. ಹನ್ನೊಂದಕ್ಕೂ ಅದನ್ನೇ ಹೇಳಿದೆ. ಬೆಳಗಿನ ಜಾವ ನಾಲ್ಕರವರೆಗೆ ಒಂದು ಸಲವೂ ತಪ್ಪಿಸಲಿಲ್ಲ. ನಾಲ್ಕೂವರೆಗೆ ನನ್ನ ಜೊತೆ ಡಾಕ್ಟರೂ ಹೊರಗೆ ಬಂದರು.